ಎರಡು ಅಲೆಗಳ ನಡುವಣ ಅಂತರ

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ಏರ್ಪಟ್ಟ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಲಿರುವ ವಿಷಯದ ಹೆಸರು ತುಸು ಉದ್ದವಾದುದು: ಮೇಲ್ಮೈ ಧ್ವನಿತರಂಗಗಳ ಸಹಾಯದಿಂದ ಎರಡು ಸಂಕೇತಗಳ ಪ್ರಾವಸ್ಥಾಂತರವನ್ನು ಅಳೆಯುವ ಬಗೆ. ಹೆಸರನ್ನು ಕೇಳಿ ಯಾರೂ ಗಾಬರಿಪಡಬೇಕಾಗಿಲ್ಲ. ತೊಗಟೆ ಗಡುಸಾಗಿದ್ದರೂ ಒಳಗಿನ ತಿರುಳು ಸರಳವಾದುದೇ. ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಬಿದ್ದಿದೆ, ಅದನ್ನು ನಾವು ತಪ್ಪಿಲ್ಲದೆ ಹೇಗೆ ಹೇಳಬಲ್ಲೆವು ಎಂಬ ಎರಡೇ ಪ್ರಶ್ನೆಗಳ ಮೇಲೆ ಈ ವಿಷಯವೆಲ್ಲ ನಿಂತಿದೆ. ಕಡಲಿನಲ್ಲಿ ದಾರಿ ತಪ್ಪಿದ ದೋಣಿಯನ್ನು ಹುಡುಕುವವರೂ, ವಿದ್ಯುತ್ ಉಪಕೇಂದ್ರದಲ್ಲಿ ಕಾಯ್ದ ಜೋಡಣೆಯನ್ನು ಕಂಡುಹಿಡಿಯುವವರೂ ಈ ಪ್ರಶ್ನೆಗಳಿಗೆ ಉತ್ತರವನ್ನು ಕೊಡಬೇಕಾಗುತ್ತದೆ. ಅಲ್ಲಿ ಉತ್ತರ ತಪ್ಪಿದರೆ ನಷ್ಟವಾಗುವುದು ಪರೀಕ್ಷೆಯ ಅಂಕಗಳಲ್ಲ, ಮನುಷ್ಯರ ಪ್ರಾಣ.

ಮೊದಲು ಪ್ರಾವಸ್ಥೆ ಎಂದರೇನು ಎಂಬುದನ್ನು ನೋಡೋಣ. ಚಂದ್ರಗಿರಿ ಹೊಳೆಯ ಆಚೆ ದಡದಲ್ಲಿ ಒಬ್ಬರು ಕಲ್ಲಿನ ಮೇಲೆ ಬಟ್ಟೆಯನ್ನು ಬಡಿದು ಒಗೆಯುತ್ತಿದ್ದಾರೆಂದು ಭಾವಿಸಿರಿ. ಅವರು ಸೆಕೆಂಡಿಗೆ ಒಂದರಂತೆ ತಪ್ಪದೆ ಏಟು ಹಾಕುತ್ತಿರಲಿ. ಬೆಳಕು ಕ್ಷಣಮಾತ್ರದಲ್ಲಿ ಬರುವುದರಿಂದ ಏಟು ಬಿದ್ದುದು ಕಣ್ಣಿಗೆ ಕೂಡಲೆ ಕಾಣುತ್ತದೆ. ಸದ್ದಾದರೋ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರಿನಂತೆ ನಿಧಾನವಾಗಿ ಬರುತ್ತದೆ. ನೀವು ೮೫ ಮೀಟರ್ ದೂರದಲ್ಲಿ ನಿಂತಿದ್ದರೆ ಸದ್ದು ಕಾಲು ಸೆಕೆಂಡು ತಡವಾಗಿ ಕೇಳಿಸುತ್ತದೆ. ೧೭೦ ಮೀಟರ್ ದೂರದಲ್ಲಿದ್ದರೆ ಅರ್ಧ ಸೆಕೆಂಡು ತಡ. ಬಟ್ಟೆ ತಲೆಯ ಮೇಲೆ ಎತ್ತಿರುವಾಗಲೇ ‘ಧಪ್’ ಎಂಬ ಸದ್ದು ಬರುತ್ತದೆ. ಒಂದು ಏಟಿನಿಂದ ಮುಂದಿನ ಏಟಿನವರೆಗಿನ ಅವಧಿಯನ್ನು ಒಂದು ಪೂರ್ಣ ಸುತ್ತೆಂದು ಎಣಿಸಿ, ವೃತ್ತವನ್ನು ಭಾಗಿಸುವಂತೆ ಅದನ್ನು ೩೬೦ ಅಂಶಗಳಾಗಿ ಭಾಗಿಸಿದರೆ, ಮೊದಲನೆಯ ಸ್ಥಳದಲ್ಲಿ ಸದ್ದು ನೋಟಕ್ಕಿಂತ ೯೦ ಅಂಶ ಹಿಂದೆ, ಎರಡನೆಯದರಲ್ಲಿ ೧೮೦ ಅಂಶ ಹಿಂದೆ. ಸುತ್ತಿನಲ್ಲಿ ಅಲೆ ಎಲ್ಲಿಗೆ ತಲಪಿದೆ ಎಂಬುದೇ ಅದರ ಪ್ರಾವಸ್ಥೆ. ಎರಡರ ನಡುವಣ ವ್ಯತ್ಯಾಸವೇ ಪ್ರಾವಸ್ಥಾಂತರ.

ಈಗ ೩೪೦ ಮೀಟರ್ ದೂರಕ್ಕೆ ಸರಿದು ನಿಲ್ಲಿರಿ. ಏಟು ಕಂಡಾಗಲೇ ಸದ್ದೂ ಕೇಳಿಸುತ್ತದೆ! ಕಣ್ಣು ಕಿವಿಗಳೆರಡೂ ಸೇರಿ ‘ಅಂತರವೇ ಇಲ್ಲ’ ಎಂದು ಸಾಕ್ಷಿ ನುಡಿಯುತ್ತವೆ. ಆದರೆ ಆ ಸಾಕ್ಷಿ ಸುಳ್ಳು. ನಿಮಗೆ ಕೇಳಿಸಿದ ಸದ್ದು ಹಿಂದಿನ ಏಟಿನದು. ಅಂತರವು ಒಂದು ಪೂರ್ಣ ಸುತ್ತಾದುದರಿಂದ ಶೂನ್ಯದಂತೆ ತೋರುತ್ತಿದೆ, ಅಷ್ಟೆ. ಗಂಟೆಯ ಮುಳ್ಳು ಬಿದ್ದುಹೋಗಿ ನಿಮಿಷದ ಮುಳ್ಳು ಮಾತ್ರ ಉಳಿದ ಗಡಿಯಾರದಂತೆ ಪ್ರಾವಸ್ಥೆಯ ಸ್ವಭಾವ. ಎಷ್ಟು ನಿಮಿಷವೆಂದು ಅದು ಬಹಳ ಸೂಕ್ಷ್ಮವಾಗಿ ಹೇಳಬಲ್ಲುದು. ಎಷ್ಟು ಗಂಟೆಯೆಂದು ಹೇಳಲಾರದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದುದು ಇಂಥ ಸಂದರ್ಭಕ್ಕೇ ಇರಬೇಕು. ಪ್ರಮಾಣಿಸುವ ದಾರಿಯೂ ಉಂಟು. ಒಗೆಯುವವರು ಕೆಲಸವನ್ನು ನಿಲ್ಲಿಸುವ ತನಕ ಕಾಯಿರಿ. ಕೈ ನಿಂತ ಮೇಲೆ ಒಂದು ಸದ್ದು ಹೆಚ್ಚಾಗಿ ಕೇಳಿಸಿದರೆ ಗುಟ್ಟು ರಟ್ಟಾಗುತ್ತದೆ. ಇಲ್ಲವೆ ಅವರು ಏಟಿನ ಲಯವನ್ನು ತುಸು ಬದಲಿಸಲಿ. ಆಗ ನೋಟಕ್ಕೂ ಸದ್ದಿಗೂ ಇದ್ದ ಹೊಂದಿಕೆ ಕದಲುತ್ತದೆ. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದೇ ನಮಗೆ ಬೇಕಾಗುವುದು.

ಬಟ್ಟೆಯ ಏಟು ಸೆಕೆಂಡಿಗೆ ಒಂದು. ರೇಡಿಯೋ ಸಂಕೇತವಾದರೋ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುತ್ತದೆ. ಸೆಕೆಂಡಿಗೆ ೧೦ ಕೋಟಿ ಕಂಪನಗಳುಳ್ಳ, ಎಂದರೆ ೧೦೦ ಮೆಗಾಹರ್ಟ್ಸ್ ಆವೃತ್ತಿಯ ಒಂದು ಸಂಕೇತವನ್ನು ತೆಗೆದುಕೊಳ್ಳೋಣ. ಅದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರಿನಂತೆ ಓಡುತ್ತದೆ. ಆದುದರಿಂದ ಅದರ ಒಂದೊಂದು ಅಲೆಯ ಉದ್ದ ೩ ಮೀಟರ್. ಇಂಥ ಅಲೆಯನ್ನು ತುಸು ಹೊತ್ತು ತಡೆದು ನಿಲ್ಲಿಸಿ, ಮತ್ತೊಂದರ ಪಕ್ಕಕ್ಕಿಟ್ಟು ಹೋಲಿಸಬೇಕೆಂದರೆ ನೂರಾರು ಮೀಟರ್ ತಂತಿಯನ್ನು ಸುರುಳಿ ಸುತ್ತಬೇಕಾದೀತು. ಓಡುವ ಕುದುರೆಯ ಹಲ್ಲನ್ನು ಎಣಿಸುವುದೆಂತು? ಕುದುರೆಯನ್ನು ನಿಧಾನಗೊಳಿಸಬೇಕು. ಮೇಲ್ಮೈ ಧ್ವನಿತರಂಗವು ಮಾಡುವ ಉಪಕಾರ ಇದೇ.

ಈ ತರಂಗದ ಕಥೆ ಹಳೆಯದು. ಇಂಗ್ಲೆಂಡಿನ ಲಾರ್ಡ್ ರೇಲೀ ಎಂಬ ಭೌತವಿಜ್ಞಾನಿ, ಆರ್ಗಾನ್ ಅನಿಲದ ಶೋಧಕ್ಕಾಗಿಯೂ ೧೯೦೪ರ ನೊಬೆಲ್ ಪಾರಿತೋಷಕಕ್ಕಾಗಿಯೂ ಹೆಸರಾದವರು, ೧೮೮೫ರಲ್ಲಿ ಒಂದು ಲೇಖನವನ್ನು ಬರೆದರು. ಘನವಸ್ತುವಿನ ಒಡಲಿಗೆ ಇಳಿಯದೆ ಅದರ ಮೈಮೇಲೆಯೇ ಹರಿದುಹೋಗುವ ಒಂದು ಬಗೆಯ ಅಲೆ ಸಾಧ್ಯವೆಂದು ಅವರು ಗಣಿತದಿಂದ ತೋರಿಸಿದರು. ಭೂಕಂಪಗಳಲ್ಲಿ ಇಂಥ ಅಲೆಗಳ ಪಾತ್ರ ದೊಡ್ಡದಿರಬಹುದೆಂದೂ ಊಹಿಸಿದರು. ೧೮೯೭ರ ಜೂನ್ ತಿಂಗಳಲ್ಲಿ ಅಸ್ಸಾಮಿನಲ್ಲಿ ಮಹಾಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಓಲ್ಡ್‌ಹ್ಯಾಮ್ ಎಂಬವರು ದೂರದೇಶಗಳಲ್ಲಿ ದಾಖಲಾದ ಅದರ ಕಂಪನಗಳನ್ನು ಪರಿಶೀಲಿಸಿ, ಭೂಮಿಯ ಒಳಗಿನಿಂದ ಬಂದ ಅಲೆಗಳನ್ನೂ ಮೇಲ್ಮೈಯಲ್ಲಿ ಬಂದ ಅಲೆಗಳನ್ನೂ ಬೇರ್ಪಡಿಸಿ ತೋರಿಸಿದರು. ನಾಡನ್ನು ನಡುಗಿಸಿದ ಅಲೆಯ ಜಾತಿಯದೇ ಅಲೆಯೊಂದು ಇಂದು ಅಕ್ಕಿಯ ಕಾಳಿನಷ್ಟು ಗಾತ್ರದ ಹರಳಿನ ಮೇಲೆ ಓಡಾಡಿಕೊಂಡು ನಮ್ಮ ಸೇವೆ ಮಾಡುತ್ತಿದೆ.

ವಿದ್ಯುತ್ ಸಂಕೇತವು ಹರಳಿನ ಮೇಲಿನ ಅಲೆಯಾಗುವುದು ಹೇಗೆ? ಬೆಣಚುಕಲ್ಲು, ಎಂದರೆ ಕ್ವಾರ್ಟ್ಸ್, ಮೊದಲಾದ ಕೆಲವು ಹರಳುಗಳಿಗೆ ಒಂದು ವಿಶೇಷ ಗುಣವುಂಟು. ಅವನ್ನು ಒತ್ತಿದರೆ ಮುಖಗಳಲ್ಲಿ ವಿದ್ಯುದಂಶವು ಕಾಣಿಸಿಕೊಳ್ಳುತ್ತದೆ. ವಿದ್ಯುತ್ತನ್ನು ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಒತ್ತಡದಿಂದ ವಿದ್ಯುತ್ತು ಹುಟ್ಟುವುದನ್ನು ೧೮೮೦ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯೇರ್ ಕಂಡುಹಿಡಿದರು. ನುಣುಪಾದ ಇಂಥ ಹರಳಿನ ಮೇಲೆ ತೆಳುವಾದ ಲೋಹದ ಎರಡು ಬಾಚಣಿಗೆಗಳನ್ನು, ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲುಗಳು ಬರುವಂತೆ ಕೂರಿಸುತ್ತಾರೆ. ಎರಡೂ ಕೈಗಳ ಬೆರಳುಗಳನ್ನು ತಾಗಿಸದೆ ಹೆಣೆದು ನೋಡಿದರೆ ಈ ಏರ್ಪಾಟಿನ ಚಿತ್ರ ದೊರೆಯುತ್ತದೆ. ಬಾಚಣಿಗೆಗಳಿಗೆ ಸಂಕೇತವನ್ನು ಕೊಟ್ಟಾಗ ಹಲ್ಲುಗಳ ನಡುವಣ ಹರಳು ಹಿಗ್ಗಿ ಕುಗ್ಗಿ ಅಲೆಯನ್ನೆಬ್ಬಿಸುತ್ತದೆ. ಆ ಅಲೆ ಹರಳಿನ ಮೈಮೇಲೆ ಸಾಗಿ, ಆಚೆ ಇರುವ ಇನ್ನೊಂದು ಜೊತೆ ಬಾಚಣಿಗೆಗಳನ್ನು ತಲಪಿ ಮತ್ತೆ ವಿದ್ಯುತ್ ಸಂಕೇತವಾಗುತ್ತದೆ. ಈ ಉಪಾಯವನ್ನು ೧೯೬೫ರಲ್ಲಿ ಅಮೆರಿಕದ ಬರ್ಕ್ಲಿಯ ವೈಟ್ ಮತ್ತು ವೋಲ್ಟ್‌ಮರ್ ಎಂಬವರು ಪ್ರಕಟಿಸಿದರು. ನಮ್ಮ ಕೈಯಲ್ಲಿರುವ ಮೊಬೈಲ್ ದೂರವಾಣಿಗಳಲ್ಲಿ ಬೇಕಾದ ಆವೃತ್ತಿಯನ್ನು ಸೋಸಿ ಕೊಡುವ ಸಣ್ಣ ಸೋಸುಕಗಳಲ್ಲಿ ಬಹಳಷ್ಟು ಈ ಜಾತಿಯವೇ.

ಈಗ ವೇಗವನ್ನು ಗಮನಿಸಿರಿ. ಒಂದು ನಿರ್ದಿಷ್ಟ ರೀತಿಯಲ್ಲಿ ಕತ್ತರಿಸಿದ ಕ್ವಾರ್ಟ್ಸ್ ಹರಳಿನ ಮೇಲೆ ಈ ಅಲೆ ಸೆಕೆಂಡಿಗೆ ೩,೧೫೮ ಮೀಟರಿನಂತೆ ಚಲಿಸುತ್ತದೆ. ರೇಡಿಯೋ ಅಲೆಯ ವೇಗಕ್ಕೆ ಹೋಲಿಸಿದರೆ ಇದು ಸುಮಾರು ೯೫ ಸಾವಿರದಲ್ಲೊಂದು ಪಾಲು. ಆವೃತ್ತಿಯು ಬದಲಾಗದೆ ವೇಗ ಮಾತ್ರ ತಗ್ಗಿದುದರಿಂದ ಅಲೆಯ ಉದ್ದವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ೩ ಮೀಟರ್ ಇದ್ದುದು ಸುಮಾರು ೩೧.೬ ಮೈಕ್ರೋಮೀಟರ್ ಆಗುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರೋಮೀಟರ್ ಎಂದು ಹೆಸರು. ಒಂದು ಸೆಂಟಿಮೀಟರ್ ಹರಳಿನ ಮೇಲೆ ಹೀಗೆ ಸುಮಾರು ೩೧೭ ಅಲೆಗಳು ಸಾಲಾಗಿ ನಿಲ್ಲುತ್ತವೆ. ಆ ಒಂದು ಸೆಂಟಿಮೀಟರನ್ನು ದಾಟಲು ಅಲೆಗೆ ಸುಮಾರು ೩.೧೭ ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಹೊರಗಿನ ರೇಡಿಯೋ ಅಲೆ ಒಂದು ಕಿಲೋಮೀಟರಿಗೆ ಸಮೀಪ ಓಡಿರುತ್ತದೆ. ಒಂದು ಕಿಲೋಮೀಟರ್ ದಾರಿಯನ್ನು ಉಗುರಿನ ಅಗಲದ ಹರಳಿನಲ್ಲಿ ಮಡಚಿಟ್ಟಂತಾಯಿತಲ್ಲವೆ?

ಇನ್ನು ಅಳತೆಯ ಕ್ರಮ. ಮಕ್ಕಳೇ, ಬಾವಿಯ ಹಗ್ಗವೊಂದನ್ನು ಇಬ್ಬರು ಎರಡು ತುದಿಗಳಲ್ಲಿ ಹಿಡಿದು ಒಂದೇ ಲಯದಲ್ಲಿ ಅಲ್ಲಾಡಿಸಿ ನೋಡಿರಿ. ಎರಡು ಕಡೆಯಿಂದ ಬಂದ ಅಲೆಗಳು ಕೂಡಿ, ಹಗ್ಗದ ಕೆಲವು ಭಾಗಗಳು ಜೋರಾಗಿ ಕುಣಿಯುತ್ತವೆ. ಕೆಲವು ಬಿಂದುಗಳು ಮಾತ್ರ ನಿಶ್ಚಲವಾಗಿ ನಿಲ್ಲುತ್ತವೆ. ಒಬ್ಬನು ಮೊದಲಿಗಿಂತ ತುಸು ತಡವಾಗಿ ಕೈಯಾಡಿಸತೊಡಗಿದರೆ ಈ ನಿಶ್ಚಲ ಬಿಂದುಗಳು ಅವನ ಕಡೆಗೆ ಸರಿಯುತ್ತವೆ. ಹರಳಿನ ಮೇಲೂ ಹಾಗೆಯೇ. ಒಂದೇ ಆವೃತ್ತಿಯ ಎರಡು ಸಂಕೇತಗಳನ್ನು ಎರಡು ತುದಿಗಳ ಬಾಚಣಿಗೆಗಳಿಗೆ ಕೊಟ್ಟರೆ ಅಲೆಗಳು ನಡುವೆ ಎದುರುಬದುರಾಗಿ ಕೂಡುತ್ತವೆ. ಎರಡೂ ಸಮಬಲದವಾದರೆ ಕೆಲವು ಸ್ಥಳಗಳು ಪೂರ್ಣ ನಿಶ್ಶಬ್ದವಾಗುತ್ತವೆ. ಸಂಕೇತಗಳ ಪ್ರಾವಸ್ಥಾಂತರವು ಬದಲಾದಂತೆ ಈ ನಿಶ್ಶಬ್ದ ಸ್ಥಾನಗಳು ಸರಿಯುತ್ತವೆ. ೩೬೦ ಅಂಶ ಬದಲಾದರೆ ಸರಿಯಾಗಿ ಅರ್ಧ ಅಲೆಯುದ್ದದಷ್ಟು. ನಡುವೆ ಬೇರೆ ಬೇರೆ ಎಡೆಗಳಲ್ಲಿ ಸಣ್ಣ ಬಾಚಣಿಗೆಗಳನ್ನಿಟ್ಟು ಅಲ್ಲಲ್ಲಿನ ಅಲೆಯ ಬಲವನ್ನು ಓದಿದರೆ, ಯಾವುದು ಗಟ್ಟಿ, ಯಾವುದು ಮೌನ ಎಂಬುದರಿಂದ ಪ್ರಾವಸ್ಥಾಂತರವು ತಿಳಿಯುತ್ತದೆ. ಒಂದೇ ಬಾಚಣಿಗೆಯನ್ನು ನಂಬುವಂತಿಲ್ಲ. ಸಂಕೇತವೇ ದುರ್ಬಲವಾದರೂ ಅದರ ದನಿ ತಗ್ಗೀತು. ಹಲವು ಬಾಚಣಿಗೆಗಳನ್ನು ಒಂದಕ್ಕೊಂದು ಹೋಲಿಸಿದಾಗ ಆ ಸಂಶಯ ಉಳಿಯುವುದಿಲ್ಲ. ಕಾಲದ ಅಂತರವನ್ನು ಹೀಗೆ ಸ್ಥಳದ ಅಂತರವನ್ನಾಗಿ ಮಾಡಿಕೊಂಡು ಅಳೆಯುವುದು ಇಲ್ಲಿನ ಜಾಣ್ಮೆ.

ಇದರ ಪ್ರಯೋಜನವೇನು? ಕಡಲಿನಿಂದ ಸಂಕೇತ ಕಳುಹಿಸುತ್ತಿರುವ ದೋಣಿ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯಬೇಕಾಗಿದೆ ಎನ್ನೋಣ. ಅರ್ಧ ಅಲೆಯುದ್ದದ ಅಂತರದಲ್ಲಿ ಎರಡು ಆಂಟೆನಾಗಳನ್ನು ನಿಲ್ಲಿಸುತ್ತಾರೆ. ದೋಣಿ ನೇರ ಎದುರಿಗಿದ್ದರೆ ಅಲೆ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ, ಅಂತರ ಶೂನ್ಯ. ಅದು ೩೦ ಅಂಶ ಪಕ್ಕಕ್ಕಿದ್ದರೆ ದೂರದ ಆಂಟೆನಾಕ್ಕೆ ಕಾಲು ಅಲೆಯಷ್ಟು ಹೆಚ್ಚು ದಾರಿ, ಎಂದರೆ ೯೦ ಅಂಶದ ಪ್ರಾವಸ್ಥಾಂತರ. ಈ ಅಂತರದಿಂದ ದಿಕ್ಕನ್ನು ಲೆಕ್ಕ ಹಾಕಬಹುದು. ಎದುರಿಗೋ ಬೆನ್ನಿಗೋ ಎಂದು ನಿರ್ಧರಿಸಲು ಮಾತ್ರ ಮೂರನೆಯ ಆಂಟೆನಾ ಬೇಕು. ಆಂಟೆನಾಗಳನ್ನು ದೂರ ದೂರ ನಿಲ್ಲಿಸಿದಷ್ಟೂ ಅಳತೆ ಸೂಕ್ಷ್ಮವಾಗುತ್ತದೆ. ಆದರೆ ಅರ್ಧ ಅಲೆಯುದ್ದವನ್ನು ಮೀರಿದೊಡನೆ ನಮ್ಮ ಹಳೆಯ ಸಮಸ್ಯೆ ತಲೆ ಹಾಕುತ್ತದೆ. ಎರಡು ಬೇರೆ ದಿಕ್ಕುಗಳು ಒಂದೇ ಪ್ರಾವಸ್ಥಾಂತರವನ್ನು ತೋರಿಸಬಹುದು. ರಕ್ಷಣೆಯ ಹಡಗು ಯಾವ ಕಡೆಗೆ ಹೋಗಬೇಕು?

ಎರಡು ಸಂಕೇತಗಳಿಗೆ ಬದಲಾಗಿ ಒಂದೇ ಸಂಕೇತವನ್ನು ಎರಡು ದಾರಿಗಳಲ್ಲಿ ಕಳುಹಿಸಿಯೂ ಅಳೆಯುವುದುಂಟು. ಹರಳಿನ ಮೇಲೆ ಎರಡು ಸಮಾನ ದಾರಿಗಳನ್ನು ಮಾಡಿ, ಒಂದಕ್ಕೆ ಮಾತ್ರ ಯಾವುದೋ ಆವಿಯನ್ನು ಹೀರುವ ಪಾಲಿಮರ್ ಲೇಪವನ್ನು ಕೊಡುತ್ತಾರೆ. ಆವಿ ಬಂದರೆ ಲೇಪ ಭಾರವಾಗಿ ಆ ದಾರಿಯ ಅಲೆ ನಿಧಾನವಾಗುತ್ತದೆ. ನಮ್ಮ ಒಂದು ಸೆಂಟಿಮೀಟರ್ ಹರಳಿನಲ್ಲಿ ವೇಗವು ದಶಲಕ್ಷದಲ್ಲೊಂದು ಪಾಲು ತಗ್ಗಿದರೂ ಪ್ರಾವಸ್ಥೆಯು ಒಂದು ಅಂಶದ ಸುಮಾರು ಒಂಬತ್ತನೆಯ ಒಂದು ಪಾಲು ಹಿಂದೆ ಬೀಳುತ್ತದೆ. ಒಳ್ಳೆಯ ಉಪಕರಣಗಳು ಅಷ್ಟನ್ನು ಗುರುತಿಸಬಲ್ಲವು. ಬಿಸಿಲು ಏರಿದರೆ ಎರಡೂ ದಾರಿಗಳಿಗೂ ಒಂದೇ ಪರಿಣಾಮವಾಗುವುದರಿಂದ ವ್ಯವಕಲನದಲ್ಲಿ ಅದು ಕಳೆದುಹೋಗುತ್ತದೆ. ಆವಿಯ ಪರಿಣಾಮ ಮಾತ್ರ ಉಳಿಯುತ್ತದೆ. ಮೇಲ್ಮೈ ತರಂಗಗಳಿಂದ ಆವಿಗಳನ್ನು ಹೀಗೆ ಕಂಡುಹಿಡಿಯುವ ಮಾರ್ಗವನ್ನು ೧೯೭೯ರಲ್ಲಿ ವೋಲ್ಟ್‌ಜೆನ್ ಮತ್ತು ಡೆಸಿ ಎಂಬವರು ತೋರಿಸಿದರು. ಸಮಾನವಾದುದನ್ನು ಕಳೆದು ವಿಶೇಷವಾದುದನ್ನು ಉಳಿಸಿಕೊಳ್ಳುವುದು ‘ಅಂತರ’ವನ್ನು ಅಳೆಯುವುದರ ದೊಡ್ಡ ಲಾಭ.

ಇನ್ನೊಂದು ಉದಾಹರಣೆಯನ್ನು ಕೊಟ್ಟು ಮುಂದುವರಿಯುತ್ತೇನೆ. ವಿದ್ಯುತ್ ಉಪಕೇಂದ್ರಗಳಲ್ಲಿ ಭಾರಿ ಒತ್ತಡದ ವಾಹಕಗಳ ಜೋಡಣೆಗಳಿರುತ್ತವೆ. ಒಂದು ಜೋಡಣೆ ಸಡಿಲವಾದರೆ ಅಲ್ಲಿ ತಡೆ ಹೆಚ್ಚಿ ಕಾಯುತ್ತದೆ. ಹೆಚ್ಚು ಕಾಯ್ದರೆ ಬೆಂಕಿ, ಅನಾಹುತ. ಅಲ್ಲಿಗೆ ಕೈಯಿಟ್ಟು ನೋಡುವಂತಿಲ್ಲ, ತಂತಿಯೆಳೆದು ಉಷ್ಣಮಾಪಕವನ್ನು ಕಟ್ಟುವಂತಿಲ್ಲ. ಆದುದರಿಂದ ಲಿಥಿಯಂ ನಯೋಬೇಟ್ ಮೊದಲಾದ ಹರಳಿನ ಚೂರಿಗೆ ಸಣ್ಣ ಆಂಟೆನಾ ಸೇರಿಸಿ ಜೋಡಣೆಯ ಮೇಲೆ ಕೂರಿಸುತ್ತಾರೆ. ಅದಕ್ಕೆ ಬ್ಯಾಟರಿ ಬೇಡ. ದೂರದಿಂದ ರೇಡಿಯೋ ಮಿಡಿತವನ್ನು ಕಳುಹಿಸಿದರೆ ಅದು ಹರಳಿನ ಮೇಲೆ ಅಲೆಯಾಗಿ ಹರಿದು, ಅಲ್ಲಿ ಕೊರೆದಿಟ್ಟ ಪ್ರತಿಫಲಕ ಗೆರೆಗಳಿಗೆ ತಾಗಿ, ಪ್ರತಿಧ್ವನಿಯಾಗಿ ಮರಳುತ್ತದೆ. ಹರಳಿನಲ್ಲಿ ಅಲೆ ನಿಧಾನವಾಗಿರುವುದರಿಂದ ಗೋಡೆ ಕಂಬಗಳ ಪ್ರತಿಧ್ವನಿಗಳೆಲ್ಲ ಅಡಗಿದ ಮೇಲೆಯೇ ಇದರ ಉತ್ತರ ಬರುತ್ತದೆ. ಎರಡು ಗೆರೆಗಳ ಉತ್ತರಗಳ ಪ್ರಾವಸ್ಥಾಂತರವನ್ನು ಅಳೆದರೆ, ಪ್ರಶ್ನೆ ಕೇಳಿದ ಯಂತ್ರ ಎಷ್ಟು ದೂರದಲ್ಲಿದೆ ಎಂಬುದು ಎರಡಕ್ಕೂ ಸಮಾನವಾದುದರಿಂದ ಕಳೆದುಹೋಗಿ, ಹರಳಿನ ಉಷ್ಣ ಮಾತ್ರ ಉಳಿಯುತ್ತದೆ.

ಮೇಲಿನ ತರಗತಿಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಲಿಥಿಯಂ ನಯೋಬೇಟಿನ ಒಂದು ಬಗೆಯ ಹರಳಿನಲ್ಲಿ ಅಲೆಯ ವೇಗ ಸೆಕೆಂಡಿಗೆ ೩,೪೮೮ ಮೀಟರ್. ಉಷ್ಣ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಪ್ರಯಾಣದ ಕಾಲ ದಶಲಕ್ಷಕ್ಕೆ ಸುಮಾರು ೯೪ ಪಾಲು ಹೆಚ್ಚುತ್ತದೆ. ಆವೃತ್ತಿ ೪೩೪ ಮೆಗಾಹರ್ಟ್ಸ್, ಗೆರೆಗಳ ಅಂತರ ೨ ಮಿಲಿಮೀಟರ್ ಇರಲಿ. ಹೋಗಿಬರುವ ದಾರಿ ೪ ಮಿಲಿಮೀಟರ್. ಆಗ ಒಂದೊಂದು ಡಿಗ್ರಿ ಉಷ್ಣಕ್ಕೆ ಪ್ರಾವಸ್ಥಾಂತರವು ಸುಮಾರು ೧೬.೮ ಅಂಶ ಬದಲಾಗುತ್ತದೆ. ಬಹಳ ಸೂಕ್ಷ್ಮವಾದ ಉಷ್ಣಮಾಪಕವೇ ಸರಿ. ಆದರೆ ಸುಮಾರು ೨೧.೪ ಡಿಗ್ರಿ ಏರಿದರೆ ೩೬೦ ಅಂಶ ತುಂಬಿ ಸುತ್ತು ಮತ್ತೆ ಮೊದಲಾಗುತ್ತದೆ. ೪೦ ಡಿಗ್ರಿ, ಸುಮಾರು ೬೧ ಡಿಗ್ರಿ, ಸುಮಾರು ೮೩ ಡಿಗ್ರಿ ಈ ಮೂರೂ ಯಂತ್ರಕ್ಕೆ ಒಂದೇ ರೀತಿ ಕಾಣಿಸುತ್ತವೆ! ಜೋಡಣೆ ಕಾಯುತ್ತಿದ್ದರೂ ‘ಎಲ್ಲ ಕ್ಷೇಮ’ ಎಂದು ನಂಬಿ ಕುಳಿತರೆ ಏನಾದೀತು? ಅಳತೆ ಅತಿ ಸೂಕ್ಷ್ಮವಾಗಿದ್ದೂ ಪೂರ್ತಿ ತಪ್ಪಾಗಿರಬಹುದು.

ಪರಿಹಾರವೂ ಅಂತರದಲ್ಲಿಯೇ ಇದೆ. ಮೂರನೆಯ ಗೆರೆಯೊಂದನ್ನು ಎರಡನೆಯದರಿಂದ ೨.೨೫ ಮಿಲಿಮೀಟರ್ ದೂರದಲ್ಲಿ ಕೊರೆಯಿರಿ. ಈಗ ಎರಡು ಪ್ರಾವಸ್ಥಾಂತರಗಳು ದೊರೆಯುತ್ತವೆ. ಅವೆರಡರ ವ್ಯತ್ಯಾಸವನ್ನು ತೆಗೆದರೆ ಕೇವಲ ೦.೨೫ ಮಿಲಿಮೀಟರ್ ಅಂತರಕ್ಕೆ ಸಮನಾದ ಅಳತೆ ಸಿಗುತ್ತದೆ. ಅದು ಡಿಗ್ರಿಗೆ ಸುಮಾರು ೨.೧ ಅಂಶ ಮಾತ್ರ ಬದಲಾಗುವುದರಿಂದ ಸುತ್ತು ತುಂಬಲು ೧೭೦ ಡಿಗ್ರಿಗೂ ಹೆಚ್ಚಿನ ಏರಿಕೆ ಬೇಕು. ಈ ಒರಟು ಅಳತೆ ಗಂಟೆಯ ಮುಳ್ಳು. ಮೊದಲಿನ ನವುರಾದ ಅಳತೆ ನಿಮಿಷದ ಮುಳ್ಳು. ಎರಡೂ ಕೂಡಿದಾಗ ಗಡಿಯಾರ ಪೂರ್ಣವಾಗುತ್ತದೆ. ಒಗೆಯುವವರು ಲಯವನ್ನು ಬದಲಿಸಿದಾಗ ಹೊಳೆಯ ದಡದಲ್ಲಿ ಆದುದೂ ಇದೇ. ಎರಡನೆಯ ಸಾಕ್ಷಿಯೊಂದನ್ನು ಕರೆದು ಮೊದಲನೆಯದನ್ನು ಪರೀಕ್ಷಿಸಿದೆವು.

ವಿದ್ಯಾರ್ಥಿಗಳೇ, ಹಗ್ಗದ ಪ್ರಯೋಗಕ್ಕೆ ಹಣ ಬೇಡ. ಮೈದಾನದಲ್ಲಿ ಒಬ್ಬನು ತಟ್ಟೆ ಬಾರಿಸಿ, ಉಳಿದವರು ದೂರ ಸರಿಯುತ್ತ ನೋಟಕ್ಕೂ ಸದ್ದಿಗೂ ಹೊಂದಿಕೆಯಾಗುವ ಸ್ಥಳವನ್ನು ಗುರುತಿಸಿದರೆ ಗಾಳಿಯಲ್ಲಿ ಶಬ್ದದ ವೇಗವನ್ನೇ ಅಳೆದಂತಾಗುತ್ತದೆ. ಮೈದಾನ ಚಿಕ್ಕದಾದರೆ ಏಟುಗಳನ್ನು ಸೆಕೆಂಡಿಗೆ ಎರಡಕ್ಕೆ ಏರಿಸಿರಿ. ೧೭೦ ಮೀಟರಿನಲ್ಲಿಯೇ ಹೊಂದಿಕೆ ಸಿಗುತ್ತದೆ. ಏಕೆಂದು ಮನೆಯಲ್ಲಿ ಯೋಚಿಸಿರಿ. ತಾಯಿತಂದೆಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳು ಲೆಕ್ಕದ ಉತ್ತರವನ್ನು ತಂದು ತೋರಿಸಿದಾಗ ‘ಸರಿಯೋ ತಪ್ಪೋ’ ಎಂದು ಮಾತ್ರ ಕೇಳದೆ, ‘ಸರಿಯೆಂದು ನಿನಗೆ ಹೇಗೆ ಗೊತ್ತು? ಬೇರೆ ದಾರಿಯಿಂದ ನೋಡಿದೆಯಾ?’ ಎಂದೂ ಕೇಳಿರಿ. ಲಿಥಿಯಂ ನಯೋಬೇಟಿನ ಮೇಲೆ ಮೂರನೆಯ ಗೆರೆಯನ್ನು ಕೊರೆದವರು ತಮ್ಮ ಯಂತ್ರಕ್ಕೆ ಕೇಳಿದುದು ಈ ಪ್ರಶ್ನೆಯನ್ನೇ.